ಕಿಸೆಯಲ್ಲಿದ್ದ ಫ್ಯಾಕ್ಸ್

ಕಲ್ಲಡ್ಕ
14-10-1999

ಪ್ರೀತಿಯ ಅಸ್ಕರ್‌ಗೆ ಬಾಪನ ಸಲಾಂ.

ಶಾರ್ಜಾದ ಸೆಕೆ ತಗ್ಗಿತೇ? ನಿನ್ನ ಕೆಮ್ಮು ವಾಸಿಯಾಯಿತೇ? ಇಷ್ಟು ಕೇಳುವುದು ತಂದೆಯ ಕರ್ತವ್ಯ. ಮುಂದಿನದನ್ನು ಸಿಟ್ಟಿನಿಂದಲೇ ಬರೆಯುತ್ತಿದ್ದೇನೆ.

ನೀನು ಔಷಧಿ ಗೋದಾಮಿನ ಗುಮಾಸ್ತ, ವೈದ್ಯನಲ್ಲ. ಆದರೂ ಎರಡು ತಿಂಗಳ ಹಿಂದೆ ಉಮ್ಮನಿಗೆ ಮೊದಲ ಸಲ ಸಣ್ಣಗೆ ಎದೆನೋವು ಬಂದ ಸುದ್ದಿ ತಿಳಿದೊಡನೆ ಯಾವುದೋ ವೈದ್ಯಕೀಯ ಪತ್ರಿಕೆಯ ಸಾರವನ್ನು ಕನ್ನಡದಲ್ಲಿ ಬರೆದು ಇಲ್ಲಿನ ಎಸ್‌ಟಿಡಿ ಬೂತಿಗೆ ಫ್ಯಾಕ್ಸ್ ಮಾಡಿದೆ. ಹೃದಯಾಘಾತದಲ್ಲಿ ಮಾರ್ಫಿನ್ ನೋವನ್ನು ಅಡಗಿಸುತ್ತದೆ, ಆದರೆ ಪೆಟ್ಟು ತಿಂದ ಹೃದಯದ ಉರಿಯೂತಕ್ಕೆ ಅದು ಒಳ್ಳೆಯದೋ ಕೆಟ್ಟದ್ದೋ ಎಂಬ ಸಂಶಯ ಹುಟ್ಟಿದೆ ಎಂದು. ನನ್ನ ಮಗನ ಕನ್ನಡ ಎಷ್ಟು ಶುದ್ಧವೆಂದು ಬೀಗುತ್ತ, ಆ ಹಾಳೆಯನ್ನು ಜುಬ್ಬಾದ ಕಿಸೆಯಲ್ಲಿಟ್ಟುಕೊಂಡು ಊರಿಡೀ ತೋರಿಸಿದೆ.

ಹೋದ ತಿಂಗಳ ಕೊನೆಯ ಸೋಮವಾರ ಬೆಳಿಗ್ಗೆ ಅಕ್ಕಿ ಆರಿಸುತ್ತಿದ್ದಾಗಲೇ ಅವಳು ಎದೆ ಹಿಡಿದುಕೊಂಡು ಒರಗಿದಳು. ಆಸ್ಪತ್ರೆಯಲ್ಲಿ ಡಾಕ್ಟರಾಗಿದ್ದವನು ಚಿದಾನಂದ, ಎಂಟನೆಯ ತರಗತಿಯಲ್ಲಿ ನನ್ನ ವಿಜ್ಞಾನ ಪರೀಕ್ಷೆಯಲ್ಲಿ ನೂರಕ್ಕೆ ಹದಿನೇಳು ಅಂಕ ಪಡೆದಿದ್ದವನು. ಮಾರ್ಫಿನ್ ತರಿಸಿದ. ನಾನು ಫ್ಯಾಕ್ಸ್ ತೋರಿಸಿ ಬೇಡವೆಂದೆ. “ಮಾಸ್ಟ್ರೇ, ಅದು ಇಲಿಗಳಲ್ಲಿ ನೋಡಿದ್ದು. ಮನುಷ್ಯರದ್ದು ಇನ್ನೂ ಯಾರಿಗೂ ಸರಿ ಗೊತ್ತಿಲ್ಲ. ಇವರ ನೋವು ಈಗಲೇ ಉಂಟಲ್ಲ? ಕೊಡುವ,” ಎಂದು ಬೇಡಿಕೊಂಡ. ನಾನು ಒಪ್ಪಲಿಲ್ಲ. ಎರಡು ಗಂಟೆ ನಿನ್ನ ಉಮ್ಮ ಮಂಚದ ಸರಳನ್ನು ಹಿಡಿದು ನರಳಿದಳು. ಕೊನೆಗೆ ಅವಳೇ ಕೈಸನ್ನೆ ಮಾಡಿ ಚುಚ್ಚಿಸಿಕೊಂಡಳು.

ಜೀವಕ್ಕೆ ಅಪಾಯವಿಲ್ಲ, ವಾರದ ಹಿಂದೆ ಮನೆಗೆ ಬಂದಿದ್ದೇವೆ. ಬಂದವಳು ಕೇಳಿದ್ದು ಒಂದೇ: “ಬೇಡ ಹೇಳಿದ್ದು ಯಾರು?” ನಿನ್ನ ಹೆಸರು ಹೇಳಿದೆ. ಅಂದಿನಿಂದ ನಿನ್ನ ಫೋನ್ ಬಂದರೆ ಗೋಡೆಯ ಕಡೆ ಹೊರಳುತ್ತಾಳೆ. ಅರ್ಧ ತಿಳಿದದ್ದನ್ನು ಸಮುದ್ರ ದಾಟಿಸಿ ಕಳುಹಿಸುವ ಈ ಚಾಳಿಯನ್ನು ನಿನಗೆ ಕಲಿಸಿದವರು ಯಾರು?

ಸೃಷ್ಟಿಸಿದವನು ನಿನ್ನನ್ನು ಕಾಯಲಿ. ಸೊಸೆ ಶಮ್ನಾಳಿಗೆ, ಮಕ್ಕಳಿಗೆ ನಮ್ಮ ದುಆ.

ನಿನ್ನ ಬಾಪ
ಯಾಕೂಬ್ ಮಾಸ್ಟರ್

ತಾ.ಕ.: ಲಕೋಟೆ ಅಂಟಿಸುವ ಮೊದಲು ಫ್ಯಾಕ್ಸನ್ನು ಮತ್ತೆ ಬಿಡಿಸಿದೆ. ಕೊನೆಯ ಸಾಲಿನಲ್ಲಿ ನೀನು “ಇದು ತಿಳಿದಿರಲಿ ಎಂದಷ್ಟೇ, ಡಾಕ್ಟರರು ಹೇಳಿದಂತೆಯೇ ಮಾಡಿ” ಎಂದು ಬರೆದಿದ್ದೀ. ಆ ಸಾಲು ನನಗೆ ಮೊದಲೇ ಗೊತ್ತಿತ್ತು. ಚಿದಾನಂದನಿಗೆ ತೋರಿಸುವಾಗ ಅದನ್ನು ಹಿಂದಕ್ಕೆ ಮಡಚಿದ್ದೆ. ಹದಿನೇಳು ಅಂಕದವನ ಮಾತು ಕೇಳಲು ನನ್ನಿಂದ ಆಗಲಿಲ್ಲ ಮಗಾ. ಬಾಯಿಬಿಟ್ಟು ಹೇಳುವ ಧೈರ್ಯವಿಲ್ಲ. ಹಾಳೆಯನ್ನು ಪೂರ್ತಿ ಬಿಡಿಸಿ ಅವಳ ದಿಂಬಿನ ಬಳಿ ಇಟ್ಟಿದ್ದೇನೆ. ಈ ಕಾಗದ ಸಿಕ್ಕಿದ ದಿನವೇ ಫೋನ್ ಮಾಡು. ನಾನು ಎತ್ತುವುದಿಲ್ಲ, ಅವಳೇ ಎತ್ತಲಿ.