ಕಾಫಿ ಚೀಲಕ್ಕೆ ಸೋಪು ಹಾಕಬೇಡಿ

ತುರ್ರಿಯಾಲ್ಬಾ, ಕೋಸ್ಟರಿಕ

ಯೊರ್ಲೆನಿ ಅವರಿಗೆ,

ನಿಮ್ಮ ಪತ್ರ ಬಂತು. ಓಲ್ಮನ್ ಅವರ ಹೊಸ ಹೆಂಡತಿ ಬಿಟ್ಟುಹೋದ ಹೆಂಡತಿಗೆ ಬರೆದಿದ್ದಾಳೆ ಅಂತ ನನ್ನ ತಂಗಿ ನಕ್ಕಳು. ನಾನು ನಗಲಿಲ್ಲ. ನೀವು ಕೇಳಿದ್ದು ಕಾಫಿ ವಿಷಯ.

ಸೋಸುವ ಬಟ್ಟೆ ಚೀಲವನ್ನು ದಿನಾ ಸೋಪು ಹಾಕಿ ಬೆಳ್ಳಗೆ ತೊಳೆದಿಡುತ್ತೇನೆ ಅಂದಿದ್ದೀರಿ. ತಪ್ಪು ಅಲ್ಲೇ ಇದೆ. ಅದನ್ನು ಎಸೆದು ಹೊಸದು ತನ್ನಿ. ಮೊದಲು ಕಾಫಿ ಚರಟದ ನೀರಲ್ಲಿ ಕುದಿಸಿ, ಆಮೇಲೆ ದಿನಾ ಬರೀ ನೀರಲ್ಲಿ ಜಾಲಿಸಿದರೆ ಸಾಕು. ಚೀಲ ಕಪ್ಪಗೇ ಇರಬೇಕು. ಕುದಿದ ನೀರನ್ನು ಇಳಿಸಿ, ಸ್ವಲ್ಪ ತಡೆದು, ಚೀಲದಲ್ಲಿರುವ ಪುಡಿಯ ಮೇಲೆ ಸಣ್ಣ ಧಾರೆಯಲ್ಲಿ ಸುರಿಯಿರಿ. "ಇನ್ನೂ ಆಗ್ಲಿಲ್ವೇನೇ?" ಅಂತ ಓಲ್ಮನ್ ಕೂಗುತ್ತಾರೆ, ಕೂಗಲಿ.

ಆ ಮನೆಯಲ್ಲಿ ಚೀಲ ತೂಗುಹಾಕುವ ಮರದ ಸ್ಟ್ಯಾಂಡು ನನ್ನ ಅಮ್ಮನದು. ಈ ಕಡೆ ಬರುವವರು ಯಾರಾದರೂ ಸಿಕ್ಕರೆ ಕಳಿಸಿಕೊಡಿ.

"ಸೆನೈದಾ ಕೈ ಕಾಫಿ ಕುಡ್ದೋನು ನಾನು, ಈ ಕಲಗಚ್ಚು ಯಾರಿಗೆ ಬೇಕು" ಅಂತ ಹಂಗಿಸುತ್ತಾರಂತೆ. ಬೇಜಾರು ಮಾಡಿಕೊಳ್ಳಬೇಡಿ. ಇಪ್ಪತ್ತು ವರ್ಷ ನನ್ನದನ್ನೂ ಕಲಗಚ್ಚು ಅಂತಲೇ ಕುಡಿದರು. ಆಗ ಹೊಗಳುತ್ತಿದ್ದದ್ದು ಅವರಮ್ಮನ ಕಾಫಿಯನ್ನು.

ನನ್ನದು ಚೆನ್ನಾಗಿತ್ತು ಅಂತ ನನಗೆ ಗೊತ್ತಾದದ್ದು ನಿಮ್ಮ ಪತ್ರ ಓದಿದ ಮೇಲೆ.

ಇಂತಿ,
ಸೆನೈದಾ