ಪೆಟ್ಟಿಗೆಗೊಂದು ಸೀಟು

ಬಸ್ಸಿನ ಮಾಲೀಕರಿಗೆ ನಮಸ್ಕಾರ.

ಬೆಳಿಗ್ಗೆ ನಿಮ್ಮ ಕಂಡಕ್ಟರ್ ನಮ್ಮ ಪೆಟ್ಟಿಗೆಯನ್ನು ಬಸ್ಸಿನ ಮೇಲೆ ಹಾಕಿ ಎಂದ. ನಾನು ಒಪ್ಪದಿದ್ದಾಗ ನನ್ನನ್ನೂ ಅಳಿಯನನ್ನೂ ಇಳಿಸಿಬಿಟ್ಟ. “ಆಟದ ಬೊಂಬೆಗೆ ಇಷ್ಟು ರಂಪಾಟನಾ ಯಜಮಾನ್ರೇ?” ಅಂದ. “ಬೊಂಬೆ ಅಲ್ಲಪ್ಪಾ, ಸೈನ್ಯ” ಅಂದೆ. ಬಸ್ಸೆಲ್ಲ ನಕ್ಕಿತು.

ಅದರಲ್ಲಿರುವುದು ಮೇಜಿನ ಮೇಲೆ ಯುದ್ಧದಾಟ ಆಡುವ ಹೆಬ್ಬೆರಳುದ್ದದ ಸೈನಿಕರು. ಒಬ್ಬೊಬ್ಬನ ಕಣ್ಣಿಗೂ ಮೀಸೆಗೂ ಬಣ್ಣ ಹಚ್ಚಿದವನು ನನ್ನ ಅಳಿಯ, ಅಕ್ಕನ ಮಗ. ಕಾಯಿಲೆ ಬಿದ್ದಮೇಲೆ ಅವನ ಕೈ ನಡುಗುತ್ತದೆ. ಬಣ್ಣ ಕಿತ್ತುಹೋದರೆ ಮತ್ತೆ ಹಚ್ಚಲಾರ. ಇನ್ನು ನನ್ನ ಮನೆಯಲ್ಲೇ ಇರುತ್ತಾನೆಂದು ಕರೆದೊಯ್ಯುತ್ತಿದ್ದೇನೆ.

ನಾನು ಕಟ್ಟಿದ ಸಾಮಾನು ಒಡೆದದ್ದಿಲ್ಲವೆಂದು ಊರೆಲ್ಲ ಹೇಳುತ್ತದೆ. ಹೇಳದವರಿಗೆ ನಾನೇ ಹೇಳುತ್ತೇನೆ. ಪ್ರತಿ ಸೈನಿಕನ ಕಾಲಡಿ ಅಯಸ್ಕಾಂತ ಅಂಟಿಸಿ, ತಗಡಿನ ಪೆಟ್ಟಿಗೆಯಲ್ಲಿ ನಿಲ್ಲಿಸಿದ್ದೇನೆ. ಕುಲುಕಿದರೂ ಬೀಳರು. ಆದರೆ ಬಸ್ಸಿನ ಮೇಲಿಂದ ಎಸೆದರೆ ಅಯಸ್ಕಾಂತವೂ ಕೈಬಿಡುತ್ತದೆ.

ಜಗಳವಾಡಲು ಈಗ ಕಸುವಿಲ್ಲ ಸ್ವಾಮಿ. ನಾಳೆಯ ಬಸ್ಸಿಗೆ ಮೂರು ಟಿಕೆಟ್ ಕೊಳ್ಳುತ್ತೇನೆ, ಎರಡೇ ಸೀಟು ಕೊಡಿ. ಒಂದರಲ್ಲಿ ಅಳಿಯ ಕೂರಲಿ, ಪಕ್ಕದಲ್ಲಿ ಅವನ ಪೆಟ್ಟಿಗೆ. ನಾನು ಅದನ್ನು ಹಿಡಿದುಕೊಂಡು ನಿಂತೇ ಬರುತ್ತೇನೆ.

ಇಂತಿ,
ಸೇನಾಪತಿಯ ಸೋದರಮಾವ