ಬಾಗಿಲು ತೇಗೇ

ನವೆಂಬರ್ ೧೦, ಸೋಮವಾರ. ಬೆಳಿಗ್ಗೆ ೮.೨೦. ಠಾಣೆ ಸ್ಟೇಷನ್

ಐರೋಲಿ ಗಾಡಿ ಇನ್ನೂ ಬಂದಿಲ್ಲ. ಅಲ್ಲಿನ ಆಫೀಸಿನಿಂದ ಆಗಲೇ ಮೂರು ಫೋನು. ಮೂರನೇ ಮಾಳಿಗೆಯ ಪ್ರಿಂಟರ್ ಮೌನವ್ರತ ಹಿಡಿದಿದೆ. ಒಬ್ಬ ಮಹಾಶಯರಿಗೆ ಪಾಸ್‌ವರ್ಡ್ ಮರೆತಿದೆ — ಶುಕ್ರವಾರ ಸಂಜೆ ಅವರೇ ಇಟ್ಟದ್ದು. ಇನ್ನೊಬ್ಬರ ಲ್ಯಾಪ್‌ಟಾಪ್ ಅಪ್‌ಡೇಟ್ ಎಂದು ಹೇಳಿ ಅರ್ಧ ಗಂಟೆಯಿಂದ ಚಕ್ರ ತಿರುಗಿಸುತ್ತ ಕುಳಿತಿದೆ.

ಮೂವರಿಗೂ ಒಂದೇ ಉತ್ತರ. ಪ್ಲಾಟ್‌ಫಾರ್ಮ್ ನಡುಗುವಂತೆ ಕೊಟ್ಟೆ. "ಆಫ್ ಮಾಡಿ. ಹತ್ತು ಎಣಿಸಿ. ಆನ್ ಮಾಡಿ!" ಪಕ್ಕದಲ್ಲಿದ್ದ ಅಜ್ಜಿ ಹೆದರಿ ತನ್ನ ಫೋನನ್ನೇ ಆಫ್ ಮಾಡಿದಳು.

ಡೆಸ್ಕ್‌ಟಾಪ್ ಸಪೋರ್ಟಿನಲ್ಲಿ ಇಪ್ಪತ್ತಾರು ವರ್ಷ. ಕಲಿತದ್ದು ಇಷ್ಟೇ. ಯಂತ್ರಕ್ಕೂ ಉಸಿರು ಬೇಕು. ಜನ ಮೂರು ಎಣಿಸುವಷ್ಟರಲ್ಲಿ ಬಟನ್ ಒತ್ತುತ್ತಾರೆ. ಅಲ್ಲೇ ಸೋಲುತ್ತಾರೆ.

ಗಾಡಿ ಬಂತು.

ನವೆಂಬರ್ ೧೬, ಭಾನುವಾರ. ಮಧ್ಯಾಹ್ನ

ಸಂಘದ ಸಭೆಯಲ್ಲಿ ಶಪಥ ಮಾಡಿ ಬಂದೆ. ಸುಗುಣಾ — ನನ್ನ ಧರ್ಮಪತ್ನಿ — ಊಟ ಬಡಿಸಿದಳು, ಮಾತು ಬಡಿಸಲಿಲ್ಲ.

ವಿಷಯ ಹೀಗೆ. ಡಿಸೆಂಬರ್ ೧೪ಕ್ಕೆ ನಮ್ಮ ಡೊಂಬಿವ್ಲಿಯ ಕನ್ನಡ ಸಂಘಕ್ಕೆ ನಲವತ್ತು. ನನ್ನ ಅಪ್ಪ ಬರೆದ 'ಕೋಟೆ ಬಾಗಿಲು' ಆಡುವುದೆಂದು ನಿರ್ಧಾರ. ರಾಜ ಮಗನನ್ನು ಕೋಟೆಯಿಂದ ಹೊರಗಟ್ಟುತ್ತಾನೆ. ಮೂರನೇ ಅಂಕದಲ್ಲಿ ಮಗ ತಿರುಗಿ ಬಂದು ಬಾಗಿಲು ಬಡಿಯುತ್ತಾನೆ. ೧೯೯೮ರಲ್ಲಿ ಒಮ್ಮೆ ಆಡಿದ್ದೆವು. ಆಗ ರಾಜಕುಮಾರ ನಾನು, ಈ ಸಲ ರಾಜ! ಇಪ್ಪತ್ತೆರಡರ ಹುರಿಮೀಸೆ! ಎರಡನೇ ಅಂಕ ಮುಗಿದು ಪರದೆ ಬಿತ್ತು... ಲೈಟು ಹೋಯಿತು... ಸಮಯ ಮುಗಿಯಿತೆಂದು ಹಾಲ್‌ನವರು ಎಲ್ಲರನ್ನೂ ಹೊರಡಿಸಿದರು. ಮೂರನೇ ಅಂಕವನ್ನು ಈವರೆಗೆ ಯಾರೂ ನೋಡಿಲ್ಲ.

ಅಪ್ಪ ಹೋಗಿ ಇಪ್ಪತ್ತೆರಡು ವರ್ಷ. ಹಸ್ತಪ್ರತಿ ೨೦೦೫ರ ನೆರೆಯಲ್ಲಿ ಹೋಯಿತು. ಮೊದಲೆರಡು ಅಂಕದ ಪ್ರತಿ ಕಾರ್ಯದರ್ಶಿ ಗುಣಪಾಲನ ಕಲ್ಯಾಣದ ಹೋಟೆಲಿನಲ್ಲಿ ಉಳಿದಿದೆ. ಮೂರನೆಯದರಲ್ಲಿ ನನಗೆ ನೆನಪಿರುವುದು ಒಂದೇ ಸಾಲು: "ಅಪ್ಪಾ, ಬಾಗಿಲು ತೆಗೆ." ಆಮೇಲೆ ಕತ್ತಲು.

ಆಗ ಎದ್ದನಲ್ಲ ಮಯೂರ. ವಾಶಿಯಲ್ಲಿ ಆ್ಯಪ್ ಕಂಪನಿ ಇಟ್ಟುಕೊಂಡವನು. "ಅಂಕಲ್, ಟೆನ್ಷನ್ ಕಾಯ್ಕೂ? ಎರಡು ಅಂಕ ಎಐಗೆ ಹಾಕಿದೆ. ಮೂರನೇದು ನಲವತ್ತು ಸೆಕೆಂಡಲ್ಲಿ ರೆಡಿ." ಓದಿದ. ರಾಜ ಬಾಗಿಲು ತೆರೆದು ಹೇಳುತ್ತಾನಂತೆ: "ಮಗನೇ, ಕುಟುಂಬದಲ್ಲಿ ಮುಕ್ತ ಸಂವಾದ ಬಹಳ ಮುಖ್ಯ ಎಂದು ನಾನು ಅರಿತುಕೊಂಡೆ."

ಕುರ್ಚಿ ಹಿಂದೆ ಬಿದ್ದದ್ದು ನನಗೆ ಗೊತ್ತಾಗಲಿಲ್ಲ. ನಾನು ನಿಂತಿದ್ದೆ.

ಸಂಘದ ಹಿರಿಯ ಸದಸ್ಯೆ ಜಯಲತಕ್ಕ ಅಷ್ಟರಲ್ಲಿ ಅಲ್ಲಿನ ಕಪಾಟು ಕೆದಕಿ ಒಂದು ಫ್ಲಾಪಿ ತಂದು ಮೇಜಿನ ಮೇಲಿಟ್ಟರು. ಲೇಬಲ್ ಮೇಲೆ ಅಪ್ಪನ ಅಕ್ಷರ. ಅಂಕ ೩ (ಕ).

"ಅಯ್ಯೊ ದೇವರೇ, ಇದು ಚಾದ ಗ್ಲಾಸಿನ ಅಡಿಗೆ ಇಡ್ಲಿಕ್ಕೆ ಆದೀತು ಮಾರಾಯ," ಎಂದ ಗುಣಪಾಲ.

"ಗುಣಪಾಲಾ! ಏಳನೇ ತಾರೀಕಿನ ರಿಹರ್ಸಲ್‌ಗೆ ಇದರೊಳಗಿನ ಮೂರನೇ ಅಂಕ ತರುತ್ತೇನೆ. ತರದಿದ್ದರೆ ರಾಜನ ಪಾತ್ರ ಬಿಟ್ಟೆ. ಈಟಿ ಹಿಡಿದು ದ್ವಾರಪಾಲಕನಾಗಿ ನಿಲ್ಲುತ್ತೇನೆ. ಒಂದು ಮಾತೂ ಆಡುವುದಿಲ್ಲ!"

"ನೀನು? ಎರಡು ಗಂಟೆ ಮಾತಾಡದೆ? ಹಾಗಾದ್ರೆ ಸಿಗದಿದ್ದರೇ ಚಂದ."

"ಸಿಕ್ಕಿದರೆ ಈಟಿ ನೀನು ಹಿಡಿಯಬೇಕು!"

"ಹಿಡಿವ, ಹಿಡಿವ."

ನವೆಂಬರ್ ೧೭, ಸೋಮವಾರ. ಸಂಜೆ

ಹಾವಿನ ಬುಟ್ಟಿ ಇಳಿಸಿದೆ. ಹೆಸರು ಸುಗುಣಾ ಇಟ್ಟದ್ದು. ನಾನು ಕೂಡಿಟ್ಟ ವೈರುಗಳ ಪೆಟ್ಟಿಗೆ. ಪ್ರತಿ ದೀಪಾವಳಿಗೆ ಎಸೆಯಲು ಹೊರಡುತ್ತಾಳೆ, ಪ್ರತಿ ದೀಪಾವಳಿಗೆ ನಾನು ಅಡ್ಡ ಮಲಗುತ್ತೇನೆ.

ವೈರ್‌ಲೆಸ್ ಅಂತೆ! ಕಿವಿಗೆ ಸಿಕ್ಕಿಸುವ ಆ ಬಿಳಿ ಬೀಜ... ದಿವಾ ಸ್ಟೇಷನ್ನಿನ ಗರ್ದಿಯ ನೂಕಾಟದಲ್ಲಿ ಒಂದು ಬಿತ್ತೆಂದರೆ ಇನ್ನೊಂದು ಅನಾಥ. ವೈರು ಹಾಗಲ್ಲ. ಬಿದ್ದರೂ ಕೊರಳಿಗೆ ಜೋತು ಬೀಳುತ್ತದೆ, ಬಿಟ್ಟು ಹೋಗುವುದಿಲ್ಲ.

ತಳದಲ್ಲಿ ಸಿಕ್ಕಿತು — ಫ್ಲಾಪಿ ಡ್ರೈವ್, ಲ್ಯಾಪ್‌ಟಾಪಿಗೆ ಹೊರಗಿನಿಂದ ಚುಚ್ಚುವಂಥದ್ದು. ಚುಚ್ಚಿದೆ. ಫ್ಲಾಪಿ ತುರುಕಿದೆ. ಕರ್‌ರ್‌ರ್... ಕಟ್... ಕರ್‌ರ್‌ರ್...

"ಮಿಕ್ಸಿ ಕೆಟ್ಟಿತಾ?" ಒಳಗಿನಿಂದ ಸುಗುಣಾ.

ಒಂದೇ ಫೈಲ್. ಕಾಪಿ ಆಯಿತು! ಇಪ್ಪತ್ತೇಳು ವರ್ಷದ ಫ್ಲಾಪಿ! ಆಫೀಸಿನಲ್ಲಿ ಹಂಚಿದ ಪೆನ್‌ಡ್ರೈವ್‌ಗಳು ಒಂದು ಮಳೆಗಾಲ ದಾಟಲಿಲ್ಲ. ಕ್ಲೌಡ್ ಎನ್ನುತ್ತಾರೆ, ಮೋಡ. ಮೋಡದಲ್ಲಿಟ್ಟದ್ದು ಯಾರ ಅಂಗಳಕ್ಕೆ ಸುರಿಯುತ್ತದೋ ಯಾರಿಗೆ ಗೊತ್ತು?

ಫೈಲ್ ತೆರೆದೆ. ಪರದೆಯ ತುಂಬ ತಲೆಬುಡವಿಲ್ಲದ ಇಂಗ್ಲಿಷ್ ಅಕ್ಷರ. ಟೋಪಿ ಹಾಕಿದ ಎ, ಬಾಲ ಬಿಟ್ಟ ಸಿ, ನಡುನಡುವೆ ಡಾಲರ್ ಚಿಹ್ನೆ.

ನವೆಂಬರ್ ೧೮, ಮಂಗಳವಾರ

ಮಯೂರನಿಗೆ ಕಳಿಸಿದೆ. ಎರಡು ನಿಮಿಷದಲ್ಲಿ ಉತ್ತರ: "ಕರಪ್ಟ್ ಆಗಿದೆ ಅಂಕಲ್. ಛೋಡ್ ದೋ, ಬಿಟ್ಟುಬಿಡಿ."

ಕರಪ್ಟ್ ಅಲ್ಲ ಕಂದಾ. ವೇಷ! ಆ ಕಾಲದಲ್ಲಿ ಕಂಪ್ಯೂಟರಿಗೆ ಕನ್ನಡ ಗೊತ್ತಿರಲಿಲ್ಲ. ಒಳಗೆ ಇಂಗ್ಲಿಷ್ ಅಕ್ಷರವನ್ನೇ ಇಟ್ಟು, ಮೇಲೆ ಫಾಂಟ್ ಎಂಬ ಮುಖವಾಡ ತೊಡಿಸಿ ಕನ್ನಡವಾಗಿ ಕುಣಿಸುತ್ತಿದ್ದರು. ಒಂದೊಂದು ಕಂಪನಿಗೆ ಒಂದೊಂದು ಮುಖವಾಡ. ಅಂದಿನ ಮುಖವಾಡ ಸಿಕ್ಕಿದರೆ ಸಾಕು, ಪಾತ್ರ ಎದ್ದು ಮಾತಾಡುತ್ತದೆ.

ಅಪ್ಪ ಸುಳಿವನ್ನೂ ಕೊಟ್ಟಿದ್ದಾನೆ. ಲೇಬಲ್ ಮೇಲೆ 'ಕ'. ಕ ಎಂದರೆ ಕನ್ನಡ. ಹಳೆಯ ಕನ್ನಡ ಫಾಂಟ್ ಎಲ್ಲ ಒಂದೊಂದಾಗಿ ಹಾಕಿ ನೋಡುವುದು. ಎಷ್ಟಿದ್ದಾವು? ಎಂಟು? ಹತ್ತು?

ನವೆಂಬರ್ ೨೪, ಸೋಮವಾರ

ಹನ್ನೊಂದು ಫಾಂಟ್ ಆಯಿತು. ಇವತ್ತಿನ ಫಲ: "ಙೂಳ್ಷಘಿ ಠ್ಠೈ ಞ." ನಾನೇ ಗಟ್ಟಿಯಾಗಿ ಓದಿದೆ, ರಾಕ್ಷಸನ ಪಾತ್ರಕ್ಕೆ ಚೆನ್ನಾಗಿತ್ತು.

ಡಿಸೆಂಬರ್ ೧, ಸೋಮವಾರ

ಹತ್ತೊಂಬತ್ತು.

ಗುಣಪಾಲ ವಾಟ್ಸಾಪಿನಲ್ಲಿ ಫೋಟೊ ಹಾಕಿದ್ದಾನೆ. ಈಟಿಯದು. ಬೆಳ್ಳಿ ಬಣ್ಣ ಬಳಿಸಿದ್ದಾನೆ. ಕೆಳಗೆ: "ಸೈಜ್ ಸರಿಯುಂಟಾ?" ಮೂವತ್ತನಾಲ್ಕು ಜನ ನಗುವ ಮುಖ ಒತ್ತಿದ್ದಾರೆ.

ಈ ನಗುವ ಮುಖಗಳ ಬಗ್ಗೆ ನನ್ನ ಅಭಿಪ್ರಾಯ ಇನ್ನೊಮ್ಮೆ ಬರೆಯುತ್ತೇನೆ.

ಡಿಸೆಂಬರ್ ೩, ಬುಧವಾರ. ಸಂಜೆ ೭.೧೦

ಬರೆದೇ ತೀರಬೇಕು.

ಠಾಣೆಯಲ್ಲಿ ಗಾಡಿ ಹತ್ತಿದಾಗ ಸಮಿತ್ ಸಿಕ್ಕಿದ. ಈ ಸಲದ ರಾಜಕುಮಾರ, ಮಾಜಿವಾಡಾದಲ್ಲಿ ಕೆಲಸ. ದಿವಾ ದಾಟುವವರೆಗೆ ಏನೋ ನುಂಗಿಕೊಂಡು ನಿಂತಿದ್ದ. ಆಮೇಲೆ ನನ್ನ ಕಿವಿಯ ಹತ್ತಿರ:

"ಅಂಕಲ್, ಗುಸ್ಸಾ ಮತ್ ಹೋನಾ. ನನಗೆ ಕನ್ನಡ ಸಮಜ್‌ತಾ ಹೈ, ಓದಲಿಕ್ಕೆ ನಹೀ ಆತಾ. ನನ್ನ ಡಯಲಾಗ್ ಮರಾಠಿ ಅಕ್ಷರದಲ್ಲಿ ಲಿಖ್‌ಕೇ ದೋ ನಾ. ಭಾಷೆ ಅದೇ, ಅಕ್ಷರ ಮಾತ್ರ ಮರಾಠಿ."

ಗುಡುಗಲು ಬಾಯಿ ತೆರೆದೆ. ಕನ್ನಡ ನಾಟಕದ ರಾಜಕುಮಾರನಿಗೆ ಕನ್ನಡ ಓದಲು ಬಾರದೇ! ಸಂಭಾಷಣೆ ಸಿದ್ಧವಾಗಿತ್ತು. ಬರಲಿಲ್ಲ.

ಏಕೆಂದರೆ ೧೯೯೮ರಲ್ಲಿ ನನಗೂ ಬರುತ್ತಿರಲಿಲ್ಲ.

ಬರೆದೆ. ಇಷ್ಟು ವರ್ಷದಲ್ಲಿ ಯಾರಿಗೂ ಹೇಳದ್ದನ್ನು ಬರೆದೆ. ಹುಟ್ಟಿದ್ದು ಡೊಂಬಿವ್ಲಿ, ಓದಿದ್ದು ಮರಾಠಿ ಶಾಲೆ, ಮನೆಯಲ್ಲಿ ತುಳು. ಕನ್ನಡ ಬಾಯಲ್ಲಿತ್ತು, ಕಣ್ಣಲ್ಲಿರಲಿಲ್ಲ. ಅಪ್ಪ ತನ್ನ ಹಸ್ತಪ್ರತಿ ಹಿಡಿದು ಸ್ಟೇಷನ್ ಹತ್ತಿರದ ಕಾಂಚನಾ ಬಾಯಿಯ ಟೈಪಿಂಗ್ ಅಂಗಡಿಗೆ ಹೋಗುತ್ತಿದ್ದ. ಆಕೆ ಮರಾಠಿ ಲಗ್ನಪತ್ರಿಕೆ ಟೈಪ್ ಮಾಡುವವಳು, ಕನ್ನಡದ ಗಂಧವಿಲ್ಲ. ಅಪ್ಪ ಪಕ್ಕದಲ್ಲಿ ಕೂತು ಗಟ್ಟಿಯಾಗಿ ಓದುತ್ತ ಹೋದ, ಆಕೆ ಕೇಳಿಸಿದ್ದನ್ನು ಮರಾಠಿ ಅಕ್ಷರದಲ್ಲಿ ಒತ್ತುತ್ತ ಹೋದಳು. ನನಗೊಬ್ಬನಿಗಾಗಿ ಒಂದು ಪ್ರತಿ. ಆಮೇಲೆ ಹೋಟೆಲಿನ ಬೋರ್ಡು, ಸಂಘದ ಆಮಂತ್ರಣ ನೋಡಿ ನಾನು ಕದ್ದು ಅಕ್ಷರ ಕಲಿತೆ. ಕಲಿತ ದಿನವೇ, ಕಲಿಯದೆ ಇದ್ದದ್ದನ್ನು ಮರೆತೆ.

ಕ ಎಂದರೆ ಕನ್ನಡವಲ್ಲ.

ಕ ಎಂದರೆ ಕಮಲಾಕ್ಷ. ನಾನು.

ಅದೇ ದಿನ, ೮.೧೫

ಗೆದ್ದೆ! ಗೆದ್ದೆ! ಗೆದ್ದೆ!

ಹಳೆಯ ಮರಾಠಿ ಫಾಂಟ್ ಹಾಕಿದೆ. ಮೂರನೆಯದಕ್ಕೇ ಮುಖವಾಡ ಕೂತಿತು. ಪರದೆಯ ಮೇಲೆ ಸಾಲುಸಾಲಾಗಿ ಮರಾಠಿ ಅಕ್ಷರ, ತಲೆಯ ಮೇಲೆ ಗೆರೆ ಎಳೆದುಕೊಂಡು. ಓದಿದರೆ ಅಪ್ಪಟ ಕನ್ನಡ. ಮೊದಲ ಸಾಲು: "ಅಪ್ಪಾ, ಬಾಗಿಲು ತೇಗೇ."

ತೇಗೇ! ಮರಾಠಿಯಲ್ಲಿ ಹ್ರಸ್ವ 'ಎ' ಇಲ್ಲ, ಹ್ರಸ್ವ 'ಒ' ಇಲ್ಲ. ಕಾಂಚನಾ ಬಾಯಿ ಎಲ್ಲವನ್ನೂ ಎಳೆದಿದ್ದಾಳೆ.

ನಾನು ಕೂಗಿದ್ದು ಮೇಲಿನ ಮಾಳಿಗೆಯ ಚಂದ್ರಬಾಯಿಗೆ ಕೇಳಿ, ಅವರು ಬಂದು ಬೆಲ್ ಒತ್ತಿದರು. "ಕಾಯ್ ಝಾಲಂ? ಕೋಣ್ ಪಡ್ಲಂ?" ಏನಾಯಿತು, ಯಾರು ಬಿದ್ದರು ಎಂದು.

"ಯಾರೂ ಬಿದ್ದಿಲ್ಲ ಬಾಯಿ, ಇವರು ಎದ್ದಿದ್ದಾರೆ," ಎಂದಳು ಸುಗುಣಾ.

ಬಾಗಿಲು ಹಾಕಿದ ಮೇಲೆ ಅವಳಿಗೆ ಎಲ್ಲ ಹೇಳಿದೆ. ತಲೆ ತಗ್ಗಿಸಿಯೇ ಹೇಳಿದೆ. ಅವಳು ಪಡವಲಕಾಯಿ ಹೆಚ್ಚುತ್ತಲೇ ಇದ್ದಳು.

"ಗೊತ್ತುಂಟು."

"ಎಂಥ ಗೊತ್ತುಂಟು?"

"ಮದುವೆಗೆ ಮುಂಚೆ ನೀವು ನನಗೆ ಕನ್ನಡದಲ್ಲಿ ಕಾಗದ ಬರೆದದ್ದಲ್ವಾ? 'ಪ್ರೀತಿಯ ಸುಗುಣಾ' ಅಂತ ಬರೆದು, ಮೇಲಿಂದ ಉದ್ದಕ್ಕೆ ಮರಾಠಿ ಗೆರೆ ಎಳೆದಿದ್ದಿರಿ. ಅಪ್ಪಯ್ಯ ಅಂಡರ್‌ಲೈನ್ ತಪ್ಪಿ ಮೇಲೆ ಬಿದ್ದದ್ದು ಅಂದ್ರು. ನನಗೆ ಅರ್ಥ ಆಗಿತ್ತು."

ಇಪ್ಪತ್ತಮೂರು ವರ್ಷ ಸುಮ್ಮನಿದ್ದಳು ಈ ಹೆಂಗಸು! ಇವಳ ಮುಂದೆ ನನ್ನದು ಎಂಥ ನಟನೆ?

ಡಿಸೆಂಬರ್ ೭, ಭಾನುವಾರ. ರಿಹರ್ಸಲ್ ಮುಗಿಸಿ

ಪ್ರವೇಶ ಮಾಡಿದ್ದು ರಾಜನ ಹಾಗೆಯೇ. ಹದಿನಾಲ್ಕು ಪುಟ, ಎತ್ತಿ ಹಿಡಿದು.

ಹಿರಿಯರಿಗೆ ಕನ್ನಡ ಅಕ್ಷರದ ಪ್ರತಿ — ಒಂದು ಅಕ್ಷರದಿಂದ ಇನ್ನೊಂದಕ್ಕೆ ಬದಲಿಸುವುದು ಇವತ್ತು ಒಂದೇ ಬಟನ್ ಕೆಲಸ. ಹ್ರಸ್ವ ದೀರ್ಘ ತಿದ್ದಲು ಮಯೂರನ ಎಐಗೆ ಕೊಟ್ಟೆ. ಅಚ್ಚುಕಟ್ಟಾಗಿ ಮಾಡಿತು. ಒಪ್ಪುತ್ತೇನೆ. ಪ್ರೂಫ್ ನೋಡಲಿ, ನಾಟಕ ಬರೆಯುವುದು ಬೇಡ. ಮಯೂರ ಕೈ ಕುಲುಕಿ, "ಮಾನ್ ಗಯೇ ಅಂಕಲ್," ಎಂದ.

ಸಮಿತ್‌ಗೆ ಮಾತ್ರ ಕಾಂಚನಾ ಬಾಯಿಯ ಮೂಲ ಪ್ರತಿ. ಎದೆಯುಬ್ಬಿಸಿ ಓದಿದ: "ಅಪ್ಪಾ, ಬಾಗಿಲು ತೇಗೇ! ರಾಜ್ಯ ಕೋಡು ಏಂದು ಕೇಳಲು ಬಂದಿಲ್ಲ!"

"ಬಾಗಿಲು ತೇಗಿತು, ರಾಜ್ಯಕ್ಕೆ ಕೋಡು ಬಂತು," ಗುಣಪಾಲ ಹೊಟ್ಟೆ ಹಿಡಿದುಕೊಂಡ. "ಕೋಟೆಗೆ ಊಟ ಜಾಸ್ತಿ ಆಗಿದೆ ಮಾರಾಯ, ಸೋಡ ಕೊಡಿ!"

ಎಲ್ಲರೂ ನಕ್ಕರು. ನಾನೂ. ಸಮಿತ್‌ಗೆ ಎಲ್ಲಿ ನಿಲ್ಲಿಸಬೇಕೆಂದು ತಿಳಿಯದೆ, ಆವರಣದಲ್ಲಿದ್ದ ಸೂಚನೆಯನ್ನೂ ಸಂಭಾಷಣೆ ಎಂದುಕೊಂಡು, ನನ್ನ ಕಣ್ಣಲ್ಲಿ ಕಣ್ಣಿಟ್ಟು ಓದಿಬಿಟ್ಟ:

"ಇಲ್ಲಿ ಕಮಲ ಉಸಿರು ತೇಗೇದುಕೋಳ್ಳಬೇಕು. ಹತ್ತು ಏಣಿಸಬೇಕು. ಮೂರಕ್ಕೇ ಓಡುತ್ತಾನೇ ನನ್ನ ಮಗ."

ಗುಣಪಾಲ ಹೊಟ್ಟೆಯಿಂದ ಕೈ ತೆಗೆದ.

ಹತ್ತು ಎಣಿಸುವುದು ನನ್ನ ಸ್ವಂತ ಸೂತ್ರ ಎಂದುಕೊಂಡಿದ್ದೆ. ಇಪ್ಪತ್ತಾರು ವರ್ಷ ಇಡೀ ಐರೋಲಿಗೆ ಬೋಧಿಸಿದೆ. ನೀರು ಕುಡಿದು ಬರುತ್ತೇನೆಂದು ಹೊರಗೆ ಹೋದೆ. ನೀರು ಕುಡಿಯಲಿಲ್ಲ.

ತಿರುಗಿ ಬಂದಾಗ ಗುಣಪಾಲ ಈಟಿ ಹಿಡಿದು ಬಾಗಿಲ ಪಕ್ಕ ನಿಂತಿದ್ದ. ನೆಟ್ಟಗೆ, ಬಾಯಿ ಮುಚ್ಚಿಕೊಂಡು.

ಡಿಸೆಂಬರ್ ೧೪, ಭಾನುವಾರ. ಸಂಜೆ, ರಂಗದ ಮೇಲೆ, ಕೋಟೆ ಬಾಗಿಲ ಹಿಂದೆ

ಎರಡು ಅಂಕ ಮುಗಿಯಿತು. ಶಿಳ್ಳೆ, ಚಪ್ಪಾಳೆ! ಲೈಟು ಇದೆ. ಹಾಲ್‌ನವರೂ ಕೂತು ನೋಡುತ್ತಿದ್ದಾರೆ. ಕಿರೀಟ ಹಣೆ ಒತ್ತುತ್ತಿದೆ. ಚಿಕ್ಕ ನೋಟ್‌ಬುಕ್ಕು, ಅಂಗೈ ಮೇಲೆ ಇಟ್ಟು ಬರೆಯುತ್ತಿದ್ದೇನೆ. ಇದಕ್ಕೆ ಚಾರ್ಜಿಂಗ್ ಬೇಡ.

ಬಾಗಿಲ ಆ ಕಡೆ ಸಮಿತ್. ಈ ಕಡೆ ನಾನು. ಅವನು ಬಡಿದು, ಕರೆದು, ಹತ್ತು ಎಣಿಸಿ ಕಾಯಬೇಕು. ಆಮೇಲೆ ನನ್ನ ಮಾತು. ಅಪ್ಪ ರಾಜನಿಗೆ ಕೊನೆಯಲ್ಲಿ ಕೊಟ್ಟದ್ದು ಒಂದೇ ಸಾಲು: "ಅಗುಳಿ ಹಾಕಿಯೇ ಇಲ್ಲ ಮಗಾ. ತಳ್ಳು."

ಮೊದಲ ಸಾಲಿನಲ್ಲಿ ಸುಗುಣಾ. ಪಕ್ಕದಲ್ಲಿ ಚಂದ್ರಬಾಯಿ.

ಮೂರನೇ ಬೆಲ್ಲು. ಪರದೆ ಏಳುತ್ತಿದೆ. ಏಳುತ್ತಿದೆ ಅಪ್ಪಾ! ಬಡಿದ. "ಅಪ್ಪಾ, ಬಾಗಿಲು ತೇಗೇ—" ಹಾಗೇ ಅಂದ! ತಿದ್ದಿಕೊಟ್ಟರೂ ಹಾಗೇ ಅಂದ. ಸಭೆಯಲ್ಲಿ ಒಬ್ಬರೂ ನಗುತ್ತಿಲ್ಲ.

ಉಸಿರು.

ಒಂದು.

ಎರಡು.

ಮೂರು.

ನಾಲ್ಕು—